ಪತ್ರದಲ್ಲಿ ಸಹಿ ಇಲ್ಲದ ಮೂರನೆಯವರು: ಹಸಿರು ಇಂಧನ, ಗಣಿಗಾರಿಕೆ ಮತ್ತು ನಮ್ಮ ಭಾಗದ ಪಾರಂಪರಿಕ ಸಮುದಾಯಗಳು

ಕಳೆದ ಬೇಸಿಗೆಯಲ್ಲಿ ಇಟಗಿಯ ಹಿರಿಯ ರೈತರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ನನ್ನ ತಂದೆಯವರ ಕಾಲದಿಂದ ಪರಿಚಿತರು. ಅವರ ಕೈಯಲ್ಲಿ ಸೌರ ವಿದ್ಯುತ್ ಘಟಕಕ್ಕಾಗಿ ಜಮೀನು ಗುತ್ತಿಗೆ ಕೊಡುವ ಕರಡು ಪತ್ರವಿತ್ತು. ಹದಿನೆಂಟು ಪುಟಗಳು, ಅವಧಿ ಮೂವತ್ತು ವರ್ಷಕ್ಕೆ ಒಂದು ತಿಂಗಳು ಕಡಿಮೆ. "ತಮ್ಮಾ, ಇದಕ್ಕ ಇನ್‌ಕಮ್ ಟ್ಯಾಕ್ಸ್ ಬೀಳತೈತೇನು?" ಎಂಬುದು ಅವರ ಮೊದಲ ಪ್ರಶ್ನೆ. ಬೇಸಾಯಕ್ಕೆ ಬಳಕೆಯಾಗದ ಭೂಮಿಯಿಂದ ಬರುವ ಬಾಡಿಗೆ ಕೃಷಿ ಆದಾಯವಲ್ಲ, ಆದುದರಿಂದ ಅದು ತೆರಿಗೆಗೆ ಒಳಪಡುತ್ತದೆ ಎಂದು ವಿವರಿಸಿದೆ. ಅವರ ಎರಡನೆಯ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

"ಬಾಜೂ ಹೊಲಕ್ಕೆಲ್ಲ ಆಗಲೇ ಬೇಲಿ ಬಿದ್ದೈತಿ. ಪ್ರತಿ ವರ್ಷ ನಮ್ಮ ಹೊಲದಾಗ ಕುರಿ ತರುಬತಿದ್ದ ಹಾಲುಮತದವರು ಈ ಸಲ ಬಂದು, ಬೇಲಿ ನೋಡಿ, ಹಂಗ ತಿರುಗಿ ಹೋದರು. ಈ ಪತ್ರದಾಗ ಅವರಿಗೇನಾರ ಬರತೈತೇನು?"

ಹದಿನೆಂಟು ಪುಟಗಳನ್ನೂ ತಿರುವಿದೆ. ಗುತ್ತಿಗೆ ಕೊಡುವವರು ಮೊದಲನೆಯ ಪಕ್ಷ, ಪಡೆಯುವವರು ಎರಡನೆಯ ಪಕ್ಷ. ಮೂರನೆಯವರ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ.

ಮೂವತ್ತು ವರ್ಷಗಳ ವೃತ್ತಿಜೀವನದಲ್ಲಿ ನಾನು ನೋಡಿದ ಪತ್ರಗಳಿಗೆ ಲೆಕ್ಕವಿಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಸಿರು ಇಂಧನ ಮತ್ತು ಅದಕ್ಕೆ ಬೇಕಾದ ಖನಿಜಗಳು ನಮ್ಮ ಭಾಗದ ಕುರಿಗಾರರು, ತಾಂಡಾದ ಜನರು, ಭೂಮಿಯಿಲ್ಲದ ಕೂಲಿಕಾರರು ಇವರ ಬದುಕಿನ ಮೇಲೆ ಬೀರುವ ಪರಿಣಾಮವನ್ನು ವ್ಯಾಪಾರಸ್ಥರ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗಾಳಿಯಂತ್ರ ಮೊದಲು ಬಂದದ್ದು ಲೆಕ್ಕದ ಪುಸ್ತಕಕ್ಕೆ

ಗಜೇಂದ್ರಗಡದ ಕೋಟೆಯ ಸುತ್ತಲಿನ ಗುಡ್ಡಗಳ ಮೇಲೆ, ಕಪ್ಪತಗುಡ್ಡದ ಸಾಲಿನ ಮೇಲೆ, ಈಚೆಗೆ ರೋಣ, ನರೇಗಲ್ಲ ಕಡೆಯ ಎರೆಭೂಮಿಯಲ್ಲಿಯೂ ಗಾಳಿಯಂತ್ರಗಳು ತಿರುಗುತ್ತಿರುವುದನ್ನು ಓದುಗರು ದಿನವೂ ನೋಡುತ್ತಾರೆ. ಇವುಗಳ ಮೊದಲ ತಲೆಮಾರು ಬಂದದ್ದು ಪರಿಸರದ ಕಾಳಜಿಯಿಂದ ಎನ್ನುವುದಕ್ಕಿಂತ ಸವಕಳಿಯ ಲೆಕ್ಕದಿಂದ ಎನ್ನುವುದು ಹೆಚ್ಚು ಸರಿ. 1990ರ ದಶಕದಲ್ಲಿ ಗಾಳಿಯಂತ್ರದ ಬೆಲೆಗೆ ಶೇ. 100ರಷ್ಟು, 2002ರ ನಂತರ ಶೇ. 80ರಷ್ಟು ಸವಕಳಿಯನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಅವಕಾಶವಿತ್ತು. ದೂರದ ನಗರಗಳ ಉದ್ದಿಮೆದಾರರು ತಮ್ಮ ಲಾಭದ ಮೇಲಿನ ತೆರಿಗೆ ಉಳಿಸಲು ನಮ್ಮ ಗುಡ್ಡಗಳ ಮೇಲೆ ಯಂತ್ರಗಳನ್ನು ಕೊಂಡರು. 2012ರ ಏಪ್ರಿಲ್‌ನಲ್ಲಿ ಈ ಸೌಲಭ್ಯ ನಿಂತಿತು, 2014ರಲ್ಲಿ ಮರಳಿ ಬಂದಿತು, 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು.

ಈಗ ಪರಿಸ್ಥಿತಿ ಬೇರೆಯಾಗಿದೆ. ಉದ್ಯಮ ತನ್ನ ಕಾಲ ಮೇಲೆ ನಿಂತಿದೆ. 2025ರ ಮಧ್ಯಭಾಗದಲ್ಲಿ ದೇಶದ ಒಟ್ಟು ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳಲ್ಲದ ಮೂಲಗಳಿಂದ ಆಗಿತ್ತು. 2024-25ರಲ್ಲಿ ಪವನ ವಿದ್ಯುತ್ತಿನ ಹೊಸ ಸಾಮರ್ಥ್ಯ ಸೇರ್ಪಡೆಯಲ್ಲಿ 1,331 ಮೆಗಾವ್ಯಾಟ್‌ನೊಂದಿಗೆ ಕರ್ನಾಟಕ ಮೊದಲ ಸ್ಥಾನ ಪಡೆಯಿತು. ಇದು ನಾಡಿಗೆ ಹೆಮ್ಮೆಯ ವಿಷಯ. ಬರಗಾಲದ ನಾಡಿನ ರೈತನಿಗೆ ವರ್ಷವೂ ತಪ್ಪದ ಬಾಡಿಗೆ ದೊಡ್ಡ ಆಸರೆ ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ ಈ ಬಾಡಿಗೆಯ ಬೆಲೆ ಏನೆಂಬುದು ಎಲ್ಲರಿಗೂ ತಿಳಿಯಿತು. ನನ್ನ ಪ್ರಶ್ನೆ ಬಾಡಿಗೆ ಪಡೆಯುವವರ ಕುರಿತಲ್ಲ, ಪಡೆಯದವರ ಕುರಿತು.

ಹೊಲವೆಂದರೆ ಒಬ್ಬನ ಆಸ್ತಿ ಮಾತ್ರವಲ್ಲ

ನಮ್ಮ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬಿಯ ಸುಗ್ಗಿ ಮುಗಿದ ಮೇಲೆ ಬಿತ್ತನೆಯವರೆಗೆ ಹೊಲ ಖಾಲಿ ಇರುತ್ತದೆ. ಆಗ ಕುರಿಗಾರರು ಹಿಂಡಿನೊಂದಿಗೆ ಬರುತ್ತಾರೆ. ಕುರಿ ಕೂಳೆ ಮೇಯುತ್ತದೆ, ರಾತ್ರಿ ಹೊಲದಲ್ಲಿಯೇ ತರುಬುತ್ತಾರೆ, ಹಿಕ್ಕೆ ಗೊಬ್ಬರವಾಗುತ್ತದೆ. ಅದಕ್ಕೆ ಹೊಲದ ಒಡೆಯ ಕಾಳು ಅಥವಾ ಹಣ ಕೊಡುತ್ತಾನೆ. ಈ ವ್ಯವಹಾರಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ, ರಶೀದಿಯಿಲ್ಲ. ಆದರೂ ತಲೆಮಾರುಗಳಿಂದ ನಡೆದುಬಂದಿದೆ. ನಮ್ಮ ತಂದೆಯವರು ಕಡಲೆ ರಾಶಿಯಾದೊಡನೆ ಯಾವ ಹಿಂಡು ಯಾವಾಗ ಬರುವುದೆಂದು ಕಾಯುತ್ತಿದ್ದುದನ್ನು ನಾನು ಕಂಡಿದ್ದೇನೆ.

ಹಾಗೆಯೇ ಗುಡ್ಡದ ಓರೆ, ಹಳ್ಳದ ದಂಡೆ, ಗಾಯರಾಣ. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಊರಿನ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಕಾಗದದಲ್ಲಿ ಇದು ಸರಕಾರದ ಜಮೀನು; ವಾಸ್ತವದಲ್ಲಿ ಭೂಮಿಯಿಲ್ಲದ ಮನೆಯ ಬಂಡವಾಳ. ಕಪ್ಪತಗುಡ್ಡದ ಸುತ್ತಲಿನ ಲಂಬಾಣಿ ತಾಂಡಾಗಳಿಗೆ ಗುಡ್ಡವೇ ಉರುವಲು, ಮೇವು, ಔಷಧಿಯ ಗಿಡಮೂಲಿಕೆ ಎಲ್ಲವೂ.

ಗಾಳಿಯಂತ್ರ ಮತ್ತು ಸೌರಘಟಕಗಳ ನಡುವೆ ಇಲ್ಲಿ ವ್ಯತ್ಯಾಸವಿದೆ. ಗಾಳಿಯಂತ್ರಕ್ಕೆ ಅಡಿಪಾಯ, ರಸ್ತೆ, ತಂತಿಸಾಲು ಇವಿಷ್ಟಕ್ಕೆ ಜಾಗ ಸಾಕು. ನಡುವಿನ ಹೊಲದಲ್ಲಿ ಬಿತ್ತನೆ ಸಾಗುತ್ತದೆ. ಸೌರಘಟಕಕ್ಕೆ ಇಡೀ ಜಮೀನು ಬೇಕು, ಸುತ್ತಲೂ ಬೇಲಿ ಬೇಕು. ಬೇಲಿ ಬಿದ್ದ ದಿನ ಕುರಿಗಾರನ ದಾರಿ ಮುಚ್ಚುತ್ತದೆ.

ಕಾನೂನು ಈ ಮೂರನೆಯವರನ್ನು ಗುರುತಿಸಿಲ್ಲವೆಂದಲ್ಲ. 2013ರ ಭೂಸ್ವಾಧೀನ ಕಾಯ್ದೆಯು ‘ಬಾಧಿತ ಕುಟುಂಬ’ ಎಂಬ ಪದದಲ್ಲಿ ಭೂಮಾಲೀಕರ ಜೊತೆಗೆ ಆ ಭೂಮಿಯನ್ನು ನಂಬಿ ಕನಿಷ್ಠ ಮೂರು ವರ್ಷಗಳಿಂದ ಬದುಕಿದ ಕೃಷಿ ಕೂಲಿಕಾರರು, ಗೇಣಿದಾರರು, ಕುಶಲಕರ್ಮಿಗಳನ್ನೂ ಸೇರಿಸಿದೆ. ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ವಿಧಿಸಿದೆ. ಆದರೆ ಇದು ಸರಕಾರ ಭೂಮಿ ಸ್ವಾಧೀನಪಡಿಸಿಕೊಂಡಾಗ ಮಾತ್ರ. ಖಾಸಗಿ ಗುತ್ತಿಗೆ ಪತ್ರವಾದರೆ ಈ ಕಾಯ್ದೆ ಹತ್ತಿರ ಬರುವುದಿಲ್ಲ. ಸ್ವಾಧೀನಕ್ಕಿಂತ ಗುತ್ತಿಗೆ ರೈತನಿಗೆ ಮೇಲು, ಏಕೆಂದರೆ ಭೂಮಿ ಅವನ ಹೆಸರಿನಲ್ಲಿಯೇ ಉಳಿಯುತ್ತದೆ. ಆದರೆ ಅದೇ ಗುತ್ತಿಗೆಯಿಂದ ಕುರಿಗಾರನೂ ಕೂಲಿಕಾರನೂ ಕಾನೂನಿನ ಕಣ್ಣಿನಿಂದ ಮರೆಯಾಗುತ್ತಾರೆ.

ಪಾವಗಡದ ಲೆಕ್ಕ

ಈ ಗುತ್ತಿಗೆ ಪದ್ಧತಿಯ ದೊಡ್ಡ ಉದಾಹರಣೆ ತುಮಕೂರು ಜಿಲ್ಲೆಯ ಪಾವಗಡ ಸೌರ ಉದ್ಯಾನ. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಘಟಕಗಳಿವೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಡಿಸೆಂಬರ್ ವೇಳೆಗೆ ಪೂರ್ಣಗೊಂಡಿತು. ಎಕರೆಗೆ ವರ್ಷಕ್ಕೆ 21,000 ರೂ. ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಅಂದರೆ ಆರಂಭದ ದರದಲ್ಲಿ ಐದು ಗ್ರಾಮಗಳ ಭೂಮಾಲೀಕರಿಗೆ ವರ್ಷಕ್ಕೆ ಸುಮಾರು 27 ಕೋಟಿ ರೂ. ಬರದಿಂದ ಬಳಲಿದ ಸೀಮೆಗೆ ಇದು ಸಣ್ಣ ಮೊತ್ತವಲ್ಲ.

ಆದರೆ ಪ್ರತಿ ವ್ಯಾಪಾರಿಯೂ ಒಂದು ಸಣ್ಣ ಗುಣಾಕಾರ ಮಾಡಿ ನೋಡಬೇಕು. ಈ ಏರಿಕೆಯ ಪ್ರಕಾರ ಇಪ್ಪತ್ತೈದನೆಯ ವರ್ಷದಲ್ಲಿ ಎಕರೆಯ ಬಾಡಿಗೆ ಸುಮಾರು 37,700 ರೂ. ಆಗುತ್ತದೆ. ವರ್ಷಕ್ಕೆ ಶೇ. 5ರಂತೆ ಬೆಲೆಗಳು ಏರಿದವೆಂದು ಇಟ್ಟುಕೊಂಡರೆ, ಇಂದಿನ 21,000 ರೂ. ಕೊಳ್ಳುವುದನ್ನು ಅಂದು ಕೊಳ್ಳಲು ಸುಮಾರು 67,700 ರೂ. ಬೇಕು. ಬಾಡಿಗೆ ಏರುತ್ತಿರುವಂತೆ ಕಂಡರೂ ಒಳಗೆ ಸವೆಯುತ್ತಿರುತ್ತದೆ.

ಇದು ಪತ್ರದಲ್ಲಿ ಸಹಿ ಇರುವವರ ಲೆಕ್ಕ. ಸಹಿ ಇಲ್ಲದವರ ಸ್ಥಿತಿ ಇದಕ್ಕಿಂತ ಕಠಿಣ. ಆ ಗ್ರಾಮಗಳಿಗೆ ಹೋಗಿ ಬರೆದವರು ಕುರಿಗಾರರು ಹಿಂಡು ಮಾರಿದ್ದನ್ನು, ಕೂಲಿಕಾರರು ಕೆಲಸಕ್ಕಾಗಿ ದೂರದ ಊರುಗಳಿಗೆ ಹೋಗಬೇಕಾದದ್ದನ್ನು ದಾಖಲಿಸಿದ್ದಾರೆ. ಘಟಕ ಕಟ್ಟುವಾಗ ಕೆಲಸ ಸಿಗುತ್ತದೆ. ಕಟ್ಟಿದ ಮೇಲೆ ಕಾವಲು, ಹುಲ್ಲು ಕೀಳುವುದು, ಫಲಕ ತೊಳೆಯುವುದು ಇಷ್ಟಕ್ಕೆ ಕೆಲವರು ಸಾಕು.

ಹಳ್ಳಿಗುಡಿ ಮತ್ತು ಕಪ್ಪತಗುಡ್ಡ: ನಮ್ಮದೇ ಅನುಭವ

ಹಸಿರು ಇಂಧನವೆಂದರೆ ಗಣಿಗಾರಿಕೆಯಿಂದ ಬಿಡುಗಡೆ ಎಂಬ ತಿಳಿವಳಿಕೆ ಸರಿಯಲ್ಲ. ಒಂದು ಮೆಗಾವ್ಯಾಟ್ ಪವನ ವಿದ್ಯುತ್ತಿಗೆ ನೂರು ಟನ್ನಿಗಿಂತ ಹೆಚ್ಚು ಉಕ್ಕು ಬೇಕು. ತಂತಿಗೆ ತಾಮ್ರ, ಫಲಕದ ಚೌಕಟ್ಟಿಗೆ ಅಲ್ಯುಮಿನಿಯಂ, ಬ್ಯಾಟರಿಗೆ ಲಿಥಿಯಂ ಬೇಕು. ಇವೆಲ್ಲವೂ ಯಾವುದೋ ಊರಿನ ನೆಲದಿಂದಲೇ ಬರಬೇಕು. ಗಣಿ ಮತ್ತು ಕಾರ್ಖಾನೆಗಳು ಊರ ಬಾಗಿಲಿಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಗದಗ ಜಿಲ್ಲೆಯಲ್ಲಿಯೇ ಎರಡು ಉದಾಹರಣೆಗಳಿವೆ.

ಮೊದಲನೆಯದು ಮುಂಡರಗಿ ತಾಲೂಕಿನ ಹಳ್ಳಿಗುಡಿ. 2010ರ ಜೂನ್‌ನ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ಪೋಸ್ಕೋ ಕಂಪನಿಯು 32,336 ಕೋಟಿ ರೂ. ವೆಚ್ಚದ, ವರ್ಷಕ್ಕೆ 60 ಲಕ್ಷ ಟನ್ ಸಾಮರ್ಥ್ಯದ ಉಕ್ಕಿನ ಕಾರ್ಖಾನೆಗೆ ರಾಜ್ಯದೊಂದಿಗೆ ಒಡಂಬಡಿಕೆ ಮಾಡಿಕೊಂಡಿತು. ಹಳ್ಳಿಗುಡಿ ಸುತ್ತಲಿನ 3,382 ಎಕರೆ ಭೂಮಿ ಗೊತ್ತಾಯಿತು. ರೈತರು ಎದ್ದುನಿಂತರು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರು ಹೋರಾಟದ ಮುಂಚೂಣಿಯಲ್ಲಿದ್ದರು. 2011ರ ಜುಲೈನಲ್ಲಿ ಸರಕಾರ ಅಲ್ಲಿನ ಭೂಸ್ವಾಧೀನವನ್ನು ಕೈಬಿಟ್ಟಿತು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಆಗ ನಾನು ಕಾರ್ಖಾನೆಯ ಪರವಾಗಿದ್ದೆ. ಸಾರಿಗೆ, ವೇಬ್ರಿಜ್, ಸಣ್ಣ ಬಿಡಿಭಾಗಗಳ ತಯಾರಿಕೆ ಎಂದು ಕಕ್ಷಿದಾರರಿಗೆ ಮೂರು ಯೋಜನಾ ವರದಿಗಳನ್ನು ಬರೆದುಕೊಟ್ಟಿದ್ದೆ. ಯೋಜನೆ ಹೋದಾಗ ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂದು ಬೇಸರಪಟ್ಟವರಲ್ಲಿ ನಾನೂ ಒಬ್ಬ. ಇಂದು ಆ ವರದಿಗಳನ್ನು ತೆರೆದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಬರಲಿರುವ ಗಿರಾಕಿಯನ್ನು ಲೆಕ್ಕ ಹಾಕಿದ್ದೆ. ಕಳೆದುಹೋಗಲಿರುವ ಗಿರಾಕಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎರಡನೆಯದು ಕಪ್ಪತಗುಡ್ಡ. ಇಲ್ಲಿ ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಅದಿರುಗಳಿವೆ. ಚಿನ್ನಕ್ಕಾಗಿ ಬ್ರಿಟಿಷರ ಕಾಲದಲ್ಲಿಯೇ ಅಗೆತ ನಡೆದಿತ್ತು. 2015ರ ಡಿಸೆಂಬರ್‌ನಲ್ಲಿ ಸರಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು, 2016ರ ನವೆಂಬರ್‌ನಲ್ಲಿ ಆ ಘೋಷಣೆಯನ್ನು ಹಿಂಪಡೆಯಿತು. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ದೊಡ್ಡ ಹೋರಾಟ ನಡೆದು, ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಥಾನಮಾನ ಮರಳಿ ಬಂದಿತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. ಗುಡ್ಡಕ್ಕಾಗಿ ದುಡಿದ ಸಿದ್ಧಲಿಂಗ ಸ್ವಾಮೀಜಿಯವರು ಅದಕ್ಕೂ ಮೊದಲೇ, 2018ರ ಅಕ್ಟೋಬರ್‌ನಲ್ಲಿ ಲಿಂಗೈಕ್ಯರಾಗಿದ್ದರು.

ಈ ಎರಡೂ ಪ್ರಸಂಗಗಳಲ್ಲಿ ಜನ ತಮ್ಮ ಮಾತನ್ನು ಸರಕಾರಕ್ಕೆ ಮುಟ್ಟಿಸಿದರು. ಗಣಿ ಎಂದೊಡನೆ ಎಲ್ಲರೂ ಎಚ್ಚರಗೊಳ್ಳುತ್ತಾರೆ. ಅದಕ್ಕೆ ಸಾರ್ವಜನಿಕ ವಿಚಾರಣೆ ಎಂಬ ವೇದಿಕೆಯೂ ಕಾನೂನಿನಲ್ಲಿ ಇತ್ತು. ‘ಹಸಿರು’ ಎಂಬ ಹೆಸರಿನೊಂದಿಗೆ ಬಂದಾಗ ಎಚ್ಚರವೂ ಇಲ್ಲ, ವೇದಿಕೆಯೂ ಇಲ್ಲ. ಅದನ್ನೇ ಮುಂದೆ ನೋಡೋಣ.

ವಿಚಾರಣೆ ಎಲ್ಲಿ ನಿಂತಿತು?

2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಪವನ ಮತ್ತು ಸೌರ ವಿದ್ಯುತ್ ಘಟಕಗಳು ಇಲ್ಲ. ಆದುದರಿಂದ ಅವುಗಳಿಗೆ ಪರಿಸರ ಅನುಮತಿಯೂ ಬೇಕಿಲ್ಲ, ಸಾರ್ವಜನಿಕ ವಿಚಾರಣೆಯೂ ಬೇಕಿಲ್ಲ. ಹೊಗೆ ಉಗುಳದ ಉದ್ಯಮಕ್ಕೆ ಈ ರಿಯಾಯಿತಿ ಎಂಬುದು ಅಂದಿನ ಎಣಿಕೆ. ಆದರೆ ಹೊಗೆ ಇಲ್ಲವೆಂದ ಮಾತ್ರಕ್ಕೆ ಬೇಲಿ ಇಲ್ಲವೆಂದಾಗುವುದಿಲ್ಲ.

ಖನಿಜಗಳ ವಿಷಯದಲ್ಲಿಯೂ ಅದೇ ದಿಕ್ಕಿನ ಬದಲಾವಣೆಗಳಾಗಿವೆ. 2023ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿಯಾಗಿ, ಲಿಥಿಯಂ ಸೇರಿದಂತೆ ಆರು ಖನಿಜಗಳನ್ನು ಅಣುಖನಿಜಗಳ ಪಟ್ಟಿಯಿಂದ ಹೊರತೆಗೆಯಲಾಯಿತು. ಇಪ್ಪತ್ನಾಲ್ಕು ನಿರ್ಣಾಯಕ ಖನಿಜಗಳ ಹರಾಜಿನ ಅಧಿಕಾರ ಕೇಂದ್ರ ಸರಕಾರಕ್ಕೆ ಹೋಯಿತು. 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಒಪ್ಪಿಗೆ ದೊರೆಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅಣುಖನಿಜಗಳ ಹಾಗೂ ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡಿತು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಇರುವುದನ್ನು ಅಣುಖನಿಜ ನಿರ್ದೇಶನಾಲಯ ಗುರುತಿಸಿದೆ. 2020ರಲ್ಲಿ ಅಲ್ಲಿ 14,100 ಟನ್ ಇದೆಯೆಂಬ ಅಂದಾಜು ಪತ್ರಿಕೆಗಳಲ್ಲಿ ಬಂದಿತ್ತು. ನಂತರ ನಿರ್ದೇಶನಾಲಯದ ಪ್ರಾಥಮಿಕ ಸಮೀಕ್ಷೆ 1,600 ಟನ್ ಎಂದಿತು. ಅಂದಾಜು ಹೀಗೆ ಇಳಿಯಬಲ್ಲದು. ಆದರೆ ಒಮ್ಮೆ ಕೈಬಿಟ್ಟ ಕಾಯಂ ವಾಸದ ಊರು, ಮಾರಿಬಿಟ್ಟ ಹಿಂಡು ಮರಳಿ ಬರುವುದು ಸುಲಭವಲ್ಲ. ಆದುದರಿಂದಲೇ ಮೊದಲು ಕೇಳಬೇಕು.

ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಒಡಿಶಾದ ನಿಯಮಗಿರಿ ಸಾಕ್ಷಿ. ಅಲ್ಯುಮಿನಿಯಂನ ಮೂಲವಾದ ಬಾಕ್ಸೈಟ್ ತೆಗೆಯುವ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಬೇಕೆಂದು 2013ರ ಏಪ್ರಿಲ್ 18ರಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಆ ವರ್ಷ ನಡೆದ ಹನ್ನೆರಡೂ ಗ್ರಾಮಸಭೆಗಳಲ್ಲಿ ಡೋಂಗ್ರಿಯಾ ಕೊಂಧ ಮತ್ತಿತರ ಜನರು ಬೇಡವೆಂದರು.

ಹೊರದೇಶಗಳ ಎರಡು ಪಾಠ

ನಮ್ಮ ಕುರಿಗಾರರ ಕಥೆಯನ್ನೇ ಹೋಲುವ ಪ್ರಕರಣ ನಾರ್ವೆಯದು. ಅಲ್ಲಿನ ಫೋಸೆನ್ ಪ್ರದೇಶದಲ್ಲಿ 151 ಗಾಳಿಯಂತ್ರಗಳನ್ನು ನಿಲ್ಲಿಸಲಾಯಿತು. ಅದು ಹಿಮಸಾರಂಗ ಮೇಯಿಸುವ ಸಾಮಿ ಜನರ ಚಳಿಗಾಲದ ಮೇವಿನ ನೆಲ. ಯಂತ್ರಗಳಿಗೆ ಕೊಟ್ಟ ಪರವಾನಿಗೆ ಸಾಮಿಗಳ ಸಾಂಸ್ಕೃತಿಕ ಹಕ್ಕನ್ನು ಉಲ್ಲಂಘಿಸಿದೆ, ಆದುದರಿಂದ ಅಸಿಂಧು ಎಂದು 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಯಂತ್ರಗಳು ಆಗಲೇ ತಿರುಗುತ್ತಿದ್ದವು. ಕೊನೆಗೆ 2023ರ ಡಿಸೆಂಬರ್ ಮತ್ತು 2024ರ ಮಾರ್ಚ್‌ನಲ್ಲಿ ಪರಿಹಾರ ಹಾಗೂ ಬದಲಿ ಮೇವುನೆಲದ ಒಪ್ಪಂದಗಳಾದವು. ಮೊದಲು ಕೇಳದೆ ಕಟ್ಟಿದ್ದರಿಂದ ಹೂಡಿಕೆದಾರರೂ ವರ್ಷಗಟ್ಟಲೆ ಅನಿಶ್ಚಿತತೆಯಲ್ಲಿ ಕಳೆಯಬೇಕಾಯಿತು.

ಎರಡನೆಯದು ಚಿಲಿ ದೇಶದ ಅಟಕಾಮ ಉಪ್ಪುಬಯಲು. ಇಲ್ಲಿನ ಲಿಥಿಯಂ ಜಗತ್ತಿನ ಬ್ಯಾಟರಿಗಳಿಗೆ ಹೋಗುತ್ತದೆ. 2016ರಲ್ಲಿ ಅಲ್ಬೆಮಾರ್ಲ್ ಕಂಪನಿಯು ಅಲ್ಲಿನ ಮೂಲನಿವಾಸಿಗಳ ಪರಿಷತ್ತಿನೊಂದಿಗೆ ಒಪ್ಪಂದ ಮಾಡಿಕೊಂಡು ವಾರ್ಷಿಕ ಮಾರಾಟದ ಶೇ. 3.5ರಷ್ಟು ಕೊಡಲು ಒಪ್ಪಿತು. ಲಾಭದ ಮೇಲಲ್ಲ, ಮಾರಾಟದ ಮೇಲೆ ಎಂಬುದನ್ನು ಗಮನಿಸಬೇಕು. ಲಾಭವನ್ನು ಹೇಗೆ ಕಡಿಮೆ ತೋರಿಸಬಹುದೆಂದು ನಮ್ಮ ವೃತ್ತಿಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಮರುಭೂಮಿಯ ನೀರಿನ ಚಿಂತೆ ಹಣದಿಂದ ತೀರಿಲ್ಲವೆಂಬುದು ಬೇರೆ ಮಾತು. ಆದರೆ ಮೂರನೆಯವರ ಹೆಸರಿನಲ್ಲಿ ಒಂದು ಖಾತೆಯಂತೂ ತೆರೆಯಿತು.

ಈ ಖಾತೆ ನಮ್ಮಲ್ಲಿಯೂ ಇದೆ, ಆದರೆ ಅರ್ಧ

ನಮ್ಮ ದೇಶದಲ್ಲಿ ಗಣಿಗಾರಿಕೆಯ ಮಟ್ಟಿಗೆ ಇಂಥ ಏರ್ಪಾಡು ಆಗಿದೆ. 2015ರ ತಿದ್ದುಪಡಿಯಿಂದ ಪ್ರತಿ ಗಣಿ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. ಹರಾಜಿನಲ್ಲಿ ಗುತ್ತಿಗೆ ಪಡೆದವರು ರಾಜಧನದ ಶೇ. 10, ಅದಕ್ಕಿಂತ ಮೊದಲಿನ ಗುತ್ತಿಗೆದಾರರು ಶೇ. 30ರಷ್ಟನ್ನು ಇದಕ್ಕೆ ಕಟ್ಟಬೇಕು. ಈ ಹಣ ಗಣಿಯಿಂದ ಬಾಧಿತರಾದ ಜನರ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಬಳಕೆಯಾಗಬೇಕು. ಭೂಮಿಯ ಒಡೆತನ ಇಲ್ಲಿ ಷರತ್ತಲ್ಲ.

ಗಾಳಿಗೆ, ಬಿಸಿಲಿಗೆ ರಾಜಧನವಿಲ್ಲ. ಆದುದರಿಂದ ಪ್ರತಿಷ್ಠಾನವೂ ಇಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಶೇ. 2 ಇದೆಯಲ್ಲ ಎಂದು ಕೆಲವರು ಹೇಳಬಹುದು. ಆದರೆ ಅದು ನಿಗದಿತ ಮಿತಿ ಮೀರಿದ ಕಂಪನಿಗಳಿಗೆ ಮಾತ್ರ, ಅದೂ ಲಾಭದ ಮೇಲೆ. ಇಂಥ ಯೋಜನೆಗಳನ್ನು ಸಾಮಾನ್ಯವಾಗಿ ಪ್ರತ್ಯೇಕ ಕಂಪನಿಗಳ ಹೆಸರಿನಲ್ಲಿ ಮಾಡಲಾಗುತ್ತದೆ. ಬಡ್ಡಿ ಮತ್ತು ಸವಕಳಿ ಕಳೆದ ಮೇಲೆ ಆರಂಭದ ವರ್ಷಗಳಲ್ಲಿ ಅವುಗಳ ಲಾಭ ಅಲ್ಪವಾಗಿರುತ್ತದೆ. ಹಣ ಬಂದರೂ ಅದು ನಮ್ಮ ತಾಲೂಕಿಗೇ ಬರಬೇಕೆಂಬ ಕಟ್ಟುಪಾಡಿಲ್ಲ.

ಜಲವಿದ್ಯುತ್ತಿನಲ್ಲಿ ಬೇರೆ ಪದ್ಧತಿಯಿದೆ. 2008ರ ರಾಷ್ಟ್ರೀಯ ಜಲವಿದ್ಯುತ್ ನೀತಿಯು ಯೋಜನೆಯ ಶೇ. 1ರಷ್ಟು ವಿದ್ಯುತ್ತನ್ನು ಸ್ಥಳೀಯ ಅಭಿವೃದ್ಧಿ ನಿಧಿಗಾಗಿ ಉಚಿತವಾಗಿ ತೆಗೆದಿರಿಸಬೇಕೆಂದಿತು. ಗಾಳಿಗೂ ಬಿಸಿಲಿಗೂ ಇಂಥದೊಂದು ಏಕೆ ಬೇಡ? ನೂರು ಮೆಗಾವ್ಯಾಟ್ ಪವನ ಘಟಕ ತನ್ನ ಸಾಮರ್ಥ್ಯದ ಶೇ. 25ರಷ್ಟು ಉತ್ಪಾದಿಸಿದರೆ ವರ್ಷಕ್ಕೆ 21.9 ಕೋಟಿ ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಕೇವಲ ಒಂದು ಪೈಸೆ ತೆಗೆದಿಟ್ಟರೂ 21.9 ಲಕ್ಷ ರೂ. ಇದರಿಂದ ಯಾವ ಕಂಪನಿಯೂ ಮುಳುಗುವುದಿಲ್ಲ. ಆದರೆ ನಾಲ್ಕಾರು ಹಳ್ಳಿಗಳ ಗಾಯರಾಣಕ್ಕೆ ನೀರಿನ ತೊಟ್ಟಿ, ಕುರಿಗಳಿಗೆ ಲಸಿಕೆ, ತಾಂಡಾದ ಮಕ್ಕಳಿಗೆ ವಸತಿ ಶಾಲೆಯ ನೆರವು ಇಷ್ಟಕ್ಕೆ ಸಾಕು.

ವ್ಯಾಪಾರಸ್ಥರಿಗೆ ಇದರಿಂದ ಏನು?

ಇದು ಸಮಾಜಸೇವಕರ ವಿಷಯ, ನಮಗೇಕೆ ಎಂದು ಓದುಗರು ಕೇಳಬಹುದು. ಪ್ರತಿಯೊಬ್ಬರೂ ತಮ್ಮ ಕೀರ್ದಿ ಮತ್ತು ಖತಾವಣಿ ತೆಗೆದು ನೋಡಬೇಕೆಂದು ವಿನಂತಿ. ನೂರು ಎಕರೆ ಹೊಲ ಬಿತ್ತನೆಯಲ್ಲಿದ್ದರೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕೂಲಿ, ಗೋಣಿಚೀಲ, ಹಮಾಲಿ, ಅಡತಿ, ಎಣ್ಣೆ ಗಿರಣಿ, ದಾಲ್ ಮಿಲ್ ಹೀಗೆ ಹತ್ತು ಅಂಗಡಿಗಳಲ್ಲಿ ಹಣ ಓಡಾಡುತ್ತದೆ. ಕೂಲಿ ಪಡೆದವನು ಸಂಜೆ ಕಿರಾಣಿ ಅಂಗಡಿಗೆ ಬರುತ್ತಾನೆ. ಕುರಿ ಮಾರಿದವನು ಅಮೀನಗಡದ ಸಂತೆಯಿಂದ ಬರುವಾಗ ಬಟ್ಟೆ, ಚಪ್ಪಲಿ, ಪಾತ್ರೆ ಕೊಳ್ಳುತ್ತಾನೆ. ಅದೇ ನೂರು ಎಕರೆ ಬೇಲಿಯೊಳಗೆ ಹೋದರೆ ಬಾಡಿಗೆ ಕೆಲವರ ಬ್ಯಾಂಕ್ ಖಾತೆಗೆ ಒಟ್ಟಾಗಿ ಬೀಳುತ್ತದೆ. ಅದರಲ್ಲಿ ಎಷ್ಟು ಹುಬ್ಬಳ್ಳಿ, ಬೆಂಗಳೂರಿಗೆ ಹೋಗುತ್ತದೆ, ಎಷ್ಟು ರೋಣದ ಪೇಟೆಯಲ್ಲಿ ಉಳಿಯುತ್ತದೆ ಎಂಬುದು ನಿಮಗೇ ಗೊತ್ತು. ನಮ್ಮ ಉದ್ರಿ ಖಾತೆಗಳಲ್ಲಿ ಹೆಚ್ಚಿನವು ಭೂಮಾಲೀಕರವಲ್ಲ, ಈ ಮೂರನೆಯವರವು. ಅವರು ಗುಳೆ ಹೋದರೆ ಆ ಉದ್ರಿ ಸಹ ಗುಳೆ ಹೋದಂತೆಯೇ.

ಸಂಸ್ಥೆಯು ಕೈಗೊಳ್ಳಬಹುದಾದ ಕ್ರಮಗಳು

ಯೋಜನೆಗಳನ್ನು ವಿರೋಧಿಸುವುದು ನನ್ನ ಸಲಹೆಯಲ್ಲ. ವ್ಯವಹಾರವನ್ನು ಪೂರ್ಣ ಮಾಡಿ ಬರೆಯಬೇಕೆಂಬುದಷ್ಟೇ. ಈ ಕೆಳಗಿನವುಗಳನ್ನು ಸದಸ್ಯರು ಪರಿಶೀಲಿಸಬಹುದು.

1. ಮಾದರಿ ಗುತ್ತಿಗೆ ಪತ್ರ: ನಮ್ಮ ವಕೀಲರು, ಲೆಕ್ಕಪರಿಶೋಧಕರು ಸೇರಿ ಕನ್ನಡದಲ್ಲಿ ಒಂದು ಮಾದರಿ ಪತ್ರ ಸಿದ್ಧಪಡಿಸಬೇಕು. ಬಾಡಿಗೆಯ ಏರಿಕೆ ಬೆಲೆ ಸೂಚ್ಯಂಕಕ್ಕೆ ಹೊಂದಿಕೊಂಡಿರಬೇಕು.

2. ಮೇವಿನ ಕಲಂ: ಗಾಳಿಯಂತ್ರಗಳ ನಡುವಿನ ಹೊಲಗಳಲ್ಲಿ ಕುರಿ ತರುಬುವ ಹಾಗೂ ಹಿಂಡು ಹಾಯುವ ದಾರಿಯ ಹಕ್ಕನ್ನು ಬರೆದಿಡಬೇಕು. ಸೌರಫಲಕಗಳ ಕೆಳಗಿನ ಹುಲ್ಲನ್ನು ಕುರಿಗಳಿಂದ ಮೇಯಿಸುವ ಪದ್ಧತಿ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ನಡೆದಿದೆ. ಕಂಪನಿಗೆ ಹುಲ್ಲು ಕತ್ತರಿಸುವ ಖರ್ಚು ಉಳಿಯುತ್ತದೆ. ಆಡು ಫಲಕದ ಮೇಲೆ ಹತ್ತುತ್ತದೆ, ಕುರಿ ಹತ್ತುವುದಿಲ್ಲ.

3. ತೆರವಿನ ಠೇವಣಿ: ಒಂದು ಗಾಳಿಯಂತ್ರದ ಅಡಿಪಾಯದಲ್ಲಿ ನೂರಾರು ಘನ ಮೀಟರ್ ಕಾಂಕ್ರೀಟ್ ಇರುತ್ತದೆ. ಅವಧಿ ಮುಗಿದಾಗ ಅದನ್ನು ತೆಗೆಯುವ ಹೊಣೆ ಕಂಪನಿಯದಾಗಿದ್ದರೆ, ಲೆಕ್ಕ ಮಾನದಂಡಗಳ ಪ್ರಕಾರ ಕಂಪನಿ ಅದಕ್ಕೆ ತನ್ನ ಪುಸ್ತಕದಲ್ಲಿ ಅವಕಾಶ ಕಲ್ಪಿಸಲೇಬೇಕು. ರೈತನ ಪತ್ರದಲ್ಲಿ ಆ ಹೊಣೆಯನ್ನು ಬರೆಯದಿದ್ದರೆ ಕಾಂಕ್ರೀಟ್ ಮೊಮ್ಮಕ್ಕಳ ಪಾಲಿಗೆ ಉಳಿಯುತ್ತದೆ.

4. ಗ್ರಾಮಸಭೆ: ಕಾನೂನು ಕೇಳದಿದ್ದರೂ, ದೊಡ್ಡ ಯೋಜನೆಗಳನ್ನು ಮೊದಲು ಗ್ರಾಮಸಭೆಯಲ್ಲಿ ಮಂಡಿಸಬೇಕೆಂದು ಸಂಸ್ಥೆಯು ಜಿಲ್ಲಾಡಳಿತವನ್ನು ಒತ್ತಾಯಿಸಬೇಕು. ಕುರಿಗಾರರ, ತಾಂಡಾಗಳ ಪ್ರತಿನಿಧಿಗಳನ್ನು ಅಲ್ಲಿಗೆ ಕರೆಯಬೇಕು.

5. ಸ್ಥಳೀಯ ನಿಧಿ: ಪ್ರತಿ ಯೂನಿಟ್ಟಿಗೆ ಒಂದು ಪೈಸೆಯ ಜಿಲ್ಲಾ ಇಂಧನ ನಿಧಿಗಾಗಿ ರಾಜ್ಯ ಸರಕಾರಕ್ಕೆ ಮನವಿ ಸಲ್ಲಿಸಬೇಕು.

ಇಟಗಿಯ ಹಿರಿಯರ ಪತ್ರದ ಕಥೆಯನ್ನು ಹೇಳಿ ಮುಗಿಸುತ್ತೇನೆ. ನಾವಿಬ್ಬರೂ ಕುಳಿತು ಮೂರು ಕಲಂಗಳನ್ನು ಬರೆದು ಕಂಪನಿಯ ಪ್ರತಿನಿಧಿಗೆ ಕೊಟ್ಟೆವು. ಬಾಡಿಗೆಯ ಏರಿಕೆಯನ್ನು ಅವರು ಸ್ವಲ್ಪ ಹೆಚ್ಚಿಸಿದರು. ಅಡಿಪಾಯ ತೆಗೆಯುವ ಹೊಣೆಯನ್ನೂ ಒಪ್ಪಿದರು. ವರ್ಷಕ್ಕೆ ಎರಡು ತಿಂಗಳು ಕುರಿಗಳನ್ನು ಒಳಗೆ ಬಿಡುವ ಕಲಂಗೆ ಮಾತ್ರ, "ನಮ್ಮ ನಮೂನೆಯಲ್ಲಿ ಇದಕ್ಕೆ ಜಾಗವಿಲ್ಲ" ಎಂದರು. ಹಿರಿಯರು ಪತ್ರವನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡರು. ಇನ್ನೂ ಸಹಿ ಹಾಕಿಲ್ಲ. ಒಬ್ಬ ರೈತ ಒಂಟಿಯಾಗಿ ಕೇಳಿದರೆ ನಮೂನೆ ಬದಲಾಗುವುದಿಲ್ಲ. ಪೇಟೆಯೂ ಅವನ ಜೊತೆ ನಿಂತು ಕೇಳಿದರೆ ಬದಲಾದೀತು. ಬರುವ ಸುಗ್ಗಿಯ ಹೊತ್ತಿಗೆ ಆ ಹಿಂಡು ಮತ್ತೆ ಇಟಗಿಯ ಹಾದಿ ಹಿಡಿದು ಬರುತ್ತದೆ. ಅಷ್ಟರೊಳಗೆ ಸಂಸ್ಥೆಯ ಕಾರ್ಯಕಾರಿ ಮಂಡಳಿಯು ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಲೆಂದು ಕೋರುತ್ತೇನೆ.